ದಂಡು ಎದ್ದುಹೋದ ಮೇಲೆ: ಕಾಂಕರ್ಡ್ ನಗರಸಭೆಗೂ ನಮ್ಮ ಕನ್ನಡದವರಿಗೂ ಒಂದು ಬಹಿರಂಗ ಪತ್ರ

ಕ್ಯಾಲಿಫೋರ್ನಿಯಾದ ಕಾಂಕರ್ಡ್ ನಗರಸಭೆಯ ಮಾನ್ಯ ಮೇಯರ್ ಅವರಿಗೆ ಮತ್ತು ನಾಲ್ವರು ಸದಸ್ಯರಿಗೆ,
ಹಾಗೂ ಕಾಂಕರ್ಡ್, ವಾಲ್‌ನಟ್ ಕ್ರೀಕ್, ಸ್ಯಾನ್ ರಮೋನ್, ಡಬ್ಲಿನ್ ಕಡೆ ಮನೆ ಮಾಡಿಕೊಂಡಿರುವ ಕನ್ನಡದ ಬಂಧುಗಳಿಗೆ,

ನಮಸ್ಕಾರ.

ಈ ಪತ್ರದ ಇಂಗ್ಲಿಷ್ ಅವತಾರ ಒಂದು ಮಂಗಳವಾರ ಸಂಜೆ ನಗರಸಭೆಯ ಮೈಕಿನ ಮುಂದೆ ಅರ್ಧಕ್ಕೇ ನಿಂತುಹೋಯಿತು. ಸಾರ್ವಜನಿಕರಿಗೆ ಕೊಟ್ಟಿದ್ದು ಮೂರು ನಿಮಿಷ. ಹೆಸರು ಹೇಳಿ, ಗಂಟಲು ಸರಿಮಾಡಿಕೊಂಡು, ವಿಷಯಕ್ಕೆ ಬರುವಷ್ಟರಲ್ಲಿ ಹಳದಿ ದೀಪ ಹತ್ತಿತು. ಕೆಂಪು ದೀಪ ಬಂದಾಗ ನಾನಿನ್ನೂ 1944ರಲ್ಲೇ ಇದ್ದೆ. ಹೊರಗೆ ಬಂದ ಮೇಲೆ ಹೆಂಡತಿ ಅಂದಳು: "ನೀವು ಇದನ್ನ ಅವರಿಗಿಂತ ಮೊದಲು ನಮ್ಮವರಿಗೆ ಹೇಳಬೇಕಿತ್ತು ಕಣ್ರೀ. ಆ ಹಾಲಿನಲ್ಲಿ ನಮ್ಮವರು ಒಬ್ಬರಾದ್ರೂ ಇದ್ರಾ?" ಇರಲಿಲ್ಲ. ಯುಗಾದಿ ಊಟಕ್ಕೆ ಮುನ್ನೂರು ಜನ ಸಾಲು ನಿಲ್ಲುವ ನಾವು, ನಮ್ಮ ಮನೆಯಿಂದ ಹತ್ತು ನಿಮಿಷದ ದೂರದಲ್ಲಿ, ನೌಕಾಪಡೆ ಬಿಟ್ಟುಹೋದ ಮದ್ದುಗುಂಡಿನ ನೆಲೆಯಲ್ಲಿ, ಒಂದು ಊರೇ ಹುಟ್ಟುವುದೋ ಬೇಡವೋ ಎಂಬ ತೀರ್ಮಾನವಾಗುವಾಗ ಒಬ್ಬರೂ ಇರಲಿಲ್ಲ. ಆದ್ದರಿಂದ ಇದು ಕನ್ನಡದಲ್ಲಿ. ನಗರಸಭೆಯವರಿಗೆ ಇಂಗ್ಲಿಷ್ ಪ್ರತಿ ಕಳಿಸುತ್ತೇನೆ. ಅದರಲ್ಲಿ ಹಗೇವಿನ ವಿಚಾರ ಮಾತ್ರ ಇರುವುದಿಲ್ಲ; ಆ ಪದಕ್ಕೆ ಸಮನಾದ ಇಂಗ್ಲಿಷ್ ಪದ ನನಗೆ ಸಿಕ್ಕಿಲ್ಲ.

ಹಗೇವಿನಿಂದಲೇ ಶುರು ಮಾಡುತ್ತೇನೆ. ಅಮ್ಮ ಬೆಂಗಳೂರಿನಿಂದ ಬಂದಿದ್ದಾಗ ಒಂದು ಭಾನುವಾರ ಅವಳನ್ನು ಬೇಯ್ಲಿ ರೋಡಿನ ಮೇಲೆ ಪಿಟ್ಸ್‌ಬರ್ಗ್ ಕಡೆಗೆ ಕರೆದುಕೊಂಡು ಹೋಗುತ್ತಿದ್ದೆ. ಮಾರ್ಚ್ ತಿಂಗಳು, ಗುಡ್ಡಗಳೆಲ್ಲ ಹಸಿರು. ಮುಳ್ಳುತಂತಿಯ ಆಚೆ, ಹುಲ್ಲು ಹೊದ್ದ ದಿಬ್ಬಗಳು ಒಂದರ ಪಕ್ಕ ಒಂದು, ಅಳತೆ ಹಿಡಿದು ಇಟ್ಟ ಹಾಗೆ. ಪ್ರತಿ ದಿಬ್ಬದ ಮುಂದೆ ಕಾಂಕ್ರೀಟಿನ ಒಂದು ಗೋಡೆ, ಗೋಡೆಗೊಂದು ಕಬ್ಬಿಣದ ಬಾಗಿಲು. ನಡುವೆ ದನಗಳು ಮೇಯುತ್ತಿದ್ದವು. ಅಮ್ಮ ಕನ್ನಡಕ ಮೇಲೆತ್ತಿ ನೋಡಿದಳು.

"ಇದೇನೋ, ಇಷ್ಟೊಂದು ಹಗೇವು?"

ಅಮ್ಮನ ತವರು ಕೋಲಾರದ ಕಡೆ. ಅಲ್ಲಿ ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಮೆತ್ತಿ ವರ್ಷಗಟ್ಟಲೆ ಇಡುತ್ತಿದ್ದರು. ಬರಗಾಲ ಬಂದರೆ ಇರಲಿ ಎಂದು.

"ಇಲ್ಲಮ್ಮ, ಇದು ಬಾಂಬು ಇಡ್ತಿದ್ದ ಜಾಗ. ನೇವಿಯವರದ್ದು."

"ಈಗ ಏನಿಟ್ಟಿದಾರೆ?"

"ಈಗ ಏನೂ ಇಲ್ಲ. ಖಾಲಿ."

"ಎಷ್ಟು ವರ್ಷ ಆಯ್ತು?"

"ಇಪ್ಪತ್ತು ದಾಟಿತು."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: "ನಿನ್ನ ಮನೆ ಬಾಡಿಗೆ ಎಷ್ಟು ಅಂದೆ?"

ಈ ಪತ್ರ ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನ.

ಆ ಜಾಗದ ಹೆಸರು ಕಾಂಕರ್ಡ್ ನೇವಲ್ ವೆಪನ್ಸ್ ಸ್ಟೇಷನ್. ಇದಕ್ಕೆ ಎರಡು ಭಾಗ. ನದಿಮುಖದ ಹಡಗುಕಟ್ಟೆ ಈಗಲೂ ಸೇನೆಯ ವಶದಲ್ಲಿದೆ. ಒಳನಾಡಿನ ಭಾಗ, ಅಂದರೆ ಹಗೇವುಗಳಿರುವ ಭಾಗ, 1999ರಲ್ಲೇ ಬೀಗ ಹಾಕಿಸಿಕೊಂಡು 2005ರಲ್ಲಿ ಅಮೆರಿಕ ಸರ್ಕಾರದ ನೆಲೆ ಮುಚ್ಚುವ ಪಟ್ಟಿಗೆ ಸೇರಿತು. ಅದೇ 5,000 ಎಕರೆ ಮೀರುತ್ತದೆ. ಬೆಂಗಳೂರಿನ ಲೆಕ್ಕದಲ್ಲಿ ಹೇಳುವುದಾದರೆ ಇಪ್ಪತ್ತು ಲಾಲ್‌ಬಾಗ್. ಅರ್ಧದಷ್ಟು ಗುಡ್ಡಗಾಡು ಈಸ್ಟ್ ಬೇ ಪ್ರಾದೇಶಿಕ ಉದ್ಯಾನ ಸಂಸ್ಥೆಗೆ. ಉಳಿದರ್ಧದಲ್ಲಿ ಊರು. ನಗರಸಭೆ 2012ರ ಜನವರಿಯಲ್ಲಿ ಒಪ್ಪಿದ ಯೋಜನೆಯ ಪ್ರಕಾರ ಸುಮಾರು 12,000 ಮನೆ, 60 ಲಕ್ಷ ಚದರ ಅಡಿಗೂ ಹೆಚ್ಚು ಕಚೇರಿ-ಅಂಗಡಿ, ಒಂದು ವಿದ್ಯಾಲಯಕ್ಕೆ ಜಾಗ, ಶಾಲೆಗಳು, ತೊರೆಯ ಉದ್ದಕ್ಕೂ ಹಸಿರು. ಮನೆಗಳಲ್ಲಿ ನಾಲ್ಕರಲ್ಲೊಂದು ಕಡಿಮೆ ಆದಾಯದವರ ಕೈಗೆಟಕುವಂತಿರಬೇಕು ಎಂಬ ಮಾತು. ಅದನ್ನು ಯಾರೂ ದಾನವಾಗಿ ಕೊಟ್ಟಿದ್ದಲ್ಲ. ಚರ್ಚು, ಕಾರ್ಮಿಕ ಸಂಘ, ಪರಿಸರದವರು, ಬಾಡಿಗೆದಾರರು ಎಲ್ಲ ಒಟ್ಟಿಗೆ ಕೂತು ವರ್ಷಗಟ್ಟಲೆ ಜಗ್ಗಾಡಿ ಪಡೆದದ್ದು.

ಆದರೆ ಊರು ಕಟ್ಟುವ ಮಾತಿಗಿಂತ ಮೊದಲು ಆ ನೆಲದ ಋಣದ ಮಾತು. ಮೈಕಿನ ಮುಂದೆ ನಾನು ಸಿಕ್ಕಿಹಾಕಿಕೊಂಡಿದ್ದು ಇಲ್ಲೇ, ಇಲ್ಲಾದರೂ ಪೂರ್ತಿ ಹೇಳಿಬಿಡುತ್ತೇನೆ.

ಎರಡನೇ ಮಹಾಯುದ್ಧದಲ್ಲಿ ಈ ಮದ್ದುಗುಂಡನ್ನೆಲ್ಲ ಹಡಗಿಗೆ ತುಂಬುತ್ತಿದ್ದದ್ದು ಪೋರ್ಟ್ ಶಿಕಾಗೋ ಎಂಬ ಕಟ್ಟೆಯಲ್ಲಿ. ಹೊರುವವರೆಲ್ಲ ಕಪ್ಪು ನಾವಿಕರು, ಹೊರಿಸುವ ಅಧಿಕಾರಿಗಳೆಲ್ಲ ಬಿಳಿಯರು. ಆ ಹುಡುಗರಿಗೆ ಮದ್ದುಗುಂಡು ನಿರ್ವಹಿಸುವ ತರಬೇತಿ ಕೊಟ್ಟಿರಲಿಲ್ಲ. ಯಾರ ತಂಡ ಗಂಟೆಗೆ ಹೆಚ್ಚು ಟನ್ ತುಂಬುತ್ತದೆ ಎಂದು ಅಧಿಕಾರಿಗಳು ಪಣ ಕಟ್ಟುತ್ತಿದ್ದರು. 1944ರ ಜುಲೈ 17ರ ರಾತ್ರಿ 10 ಗಂಟೆ 18 ನಿಮಿಷಕ್ಕೆ ಇ. ಎ. ಬ್ರಯಾನ್ ಎಂಬ ಹಡಗು ಸಿಡಿಯಿತು. ಅದರ ಹೊಟ್ಟೆಯಲ್ಲಿ ಆಗಲೇ 4,600 ಟನ್ನಿನಷ್ಟು ಸ್ಫೋಟಕ ಇತ್ತು. ಪಕ್ಕದಲ್ಲಿದ್ದ ಕ್ವಿನಾಲ್ಟ್ ವಿಕ್ಟರಿ ಹಡಗೂ ಚೂರಾಯಿತು. 320 ಜನ ಸತ್ತರು. ಅವರಲ್ಲಿ 202 ಮಂದಿ ಕಪ್ಪು ನಾವಿಕರು. 390 ಜನಕ್ಕೆ ಗಾಯ.

ಬದುಕಿ ಉಳಿದವರೇ ಗೆಳೆಯರ ಅವಶೇಷ ಆಯ್ದರು. ಬಿಳಿ ಅಧಿಕಾರಿಗಳಿಗೆ ಮನೆಗೆ ಹೋಗಲು ರಜೆ ಸಿಕ್ಕಿತು, ಇವರಿಗೆ ಸಿಗಲಿಲ್ಲ. ಮೂರು ವಾರದ ನಂತರ ಎದುರು ದಡದ ಮೇರ್ ಐಲ್ಯಾಂಡಿನಲ್ಲಿ ಮತ್ತೆ ಮದ್ದು ತುಂಬಿ ಎಂದು ಆಜ್ಞೆಯಾಯಿತು. 258 ಜನ ಆಗುವುದಿಲ್ಲ ಎಂದು ನಿಂತರು. ಬೇರೆ ಯಾವ ಕೆಲಸ ಕೊಟ್ಟರೂ ಮಾಡುತ್ತೇವೆ, ಅದೊಂದು ಬೇಡ ಎಂದರು. ಅವರಲ್ಲಿ 50 ಮಂದಿಯ ಮೇಲೆ ದಂಗೆಯ ಆರೋಪ ಹೊರಿಸಿ, 8ರಿಂದ 15 ವರ್ಷದ ಶಿಕ್ಷೆ ಕೊಟ್ಟರು. ಮುಂದೆ ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿಯಾದ ಥರ್ಗುಡ್ ಮಾರ್ಷಲ್ ಆಗ ವಕೀಲರು. ಆ ವಿಚಾರಣೆಯಲ್ಲಿ ಕೂತು ನೋಡಿ, ಇವರ ಪರ ಮೇಲ್ಮನವಿ ಹಾಕಿದರು. 1946ರಲ್ಲಿ ಬಹುಪಾಲು ಜನರನ್ನು ಜೈಲಿನಿಂದ ಬಿಟ್ಟರು, ಅಪರಾಧಿ ಎಂಬ ಹಣೆಪಟ್ಟಿ ಮಾತ್ರ ಹಾಗೇ ಉಳಿಯಿತು. ನೌಕಾಪಡೆ ಆ ತೀರ್ಪುಗಳನ್ನು ರದ್ದು ಮಾಡಿದ್ದು 2024ರ ಜುಲೈ 17ರಂದು. ಸರಿಯಾಗಿ 80 ವರ್ಷ. ಅಷ್ಟರಲ್ಲಿ ಕೇಳಿಸಿಕೊಳ್ಳಬೇಕಾದವರೆಲ್ಲ ತೀರಿಕೊಂಡಿದ್ದರು.

ಪೋರ್ಟ್ ಶಿಕಾಗೋ ಎಂಬ ಊರೂ ಈಗಿಲ್ಲ. ಕಟ್ಟೆಯ ಪಕ್ಕ ಜನವಸತಿ ಅಪಾಯ ಎಂದು 1968ರಲ್ಲಿ ಸರ್ಕಾರ ಮನೆಗಳನ್ನು ಕೊಂಡು ಕೆಡವಿಸಿತು. ಉಳಿದಿರುವುದು ಆ ಊರಿಗೆ ಹೋಗುತ್ತಿದ್ದ ರಸ್ತೆಯ ಹೆಸರು: ಪೋರ್ಟ್ ಶಿಕಾಗೋ ಹೈವೇ. ನಾನು ದಿನಾ ಬಾರ್ಟ್ ರೈಲು ಹತ್ತುವ ನಾರ್ತ್ ಕಾಂಕರ್ಡ್ ನಿಲ್ದಾಣ ಇರುವುದು ಅದೇ ರಸ್ತೆಯಲ್ಲಿ. ಇಲ್ಲದ ಊರಿನ ಹೆಸರಿನ ರಸ್ತೆಯಲ್ಲಿ, ಇನ್ನೂ ಹುಟ್ಟದ ಊರಿಗೆ ಕಾಯುತ್ತಾ ನಿಂತ ನಿಲ್ದಾಣ. 1995ರಲ್ಲಿ ತೆರೆದದ್ದು. ಇಡೀ ಬಾರ್ಟ್ ಜಾಲದಲ್ಲಿ ಅತಿ ಕಡಿಮೆ ಜನ ಹತ್ತಿಳಿಯುವ ನಿಲ್ದಾಣಗಳಲ್ಲಿ ಒಂದು. ಬೆಳಿಗ್ಗೆ ಏಳೂವರೆಗೆ ಪ್ಲಾಟ್‌ಫಾರಮ್ಮಿನ ಮೇಲೆ ನಾವು ಬೆರಳೆಣಿಕೆಯಷ್ಟು ಜನ. ಕೆಳಗೆ ವಿಶಾಲವಾದ ಪಾರ್ಕಿಂಗ್ ಜಾಗ, ಹಳದಿ ಗೆರೆಗಳು, ಗೆರೆಗಳ ಸಂದಿಯಲ್ಲಿ ಹುಲ್ಲು. ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋ ಮುಕ್ಕಾಲು ಗಂಟೆ. ನಮ್ಮ ಮೆಟ್ರೋ ನಿಲ್ದಾಣದ ಪಕ್ಕ ಇಂಥ ಜಾಗ ಇಷ್ಟು ವರ್ಷ ಖಾಲಿ ಬಿದ್ದಿದ್ದರೆ ಏನಾಗಿರುತ್ತಿತ್ತು ಎಂದು ಬೆಂಗಳೂರಿನವರಿಗೆ ನಾನು ಹೇಳಬೇಕಾಗಿಲ್ಲ. ಒಳ್ಳೆಯದೇ ಆಗಿರುತ್ತಿತ್ತು ಅನ್ನುತ್ತಿಲ್ಲ. ಖಾಲಿಯಂತೂ ಇರುತ್ತಿರಲಿಲ್ಲ.

ಹಾಗಾದರೆ ಇಷ್ಟು ವರ್ಷ ಏನು ನಡೆಯಿತು?

2016ರಲ್ಲಿ ಊರು ಕಟ್ಟಲು ಲೆನಾರ್ ಎಂಬ ದೊಡ್ಡ ಕಂಪನಿಯನ್ನು ಆರಿಸಿದಿರಿ. ಕಟ್ಟುವ ಕೆಲಸಗಾರರ ಒಪ್ಪಂದದ ವಿಷಯದಲ್ಲಿ ಅದಕ್ಕೂ ಕಾರ್ಮಿಕ ಸಂಘಗಳಿಗೂ ಹೊಂದಾಣಿಕೆಯಾಗಲಿಲ್ಲ, 2020ರಲ್ಲಿ ಮುರಿದುಬಿತ್ತು. (ಸಂಘದವರು ಹಟ ಮಾಡಿದರು ಎಂದು ಬೈದವರು ಬಹಳ. ಊರು ಕಟ್ಟುವವನಿಗೆ ಆ ಊರಿನಲ್ಲಿ ಬಾಡಿಗೆ ಕೊಡುವಷ್ಟು ಕೂಲಿ ಸಿಗಲಿ ಅನ್ನುವುದು ಹಟವಾದರೆ, ಅಂಥ ಹಟ ಇರಲಿ ಎಂಬುದು ನನ್ನ ಮತ.) 2021ರಲ್ಲಿ ಕಾಂಕರ್ಡ್ ಫಸ್ಟ್ ಪಾರ್ಟ್‌ನರ್ಸ್. ಅವರ ಪ್ರಸ್ತಾವದಲ್ಲಿ ಮನೆಗಳ ಸಂಖ್ಯೆ 15,000 ದಾಟಿತು, 2023ರ ಜನವರಿಯಲ್ಲಿ ನೀವೇ ತಿರಸ್ಕರಿಸಿದಿರಿ. ಅದೇ ವರ್ಷ ಆಗಸ್ಟ್‌ನಲ್ಲಿ ಬ್ರೂಕ್‌ಫೀಲ್ಡ್. ಪ್ರತಿ ಸಲವೂ ಹೊಸ ನಕ್ಷೆ, ಹೊಸ ಬಣ್ಣದ ಚಿತ್ರ. ಆ ಚಿತ್ರಗಳಲ್ಲಿ ಯಾವಾಗಲೂ ಒಬ್ಬಳು ಹೆಂಗಸು ಸೈಕಲ್ ತುಳಿಯುತ್ತಾ ನಗುತ್ತಿರುತ್ತಾಳೆ. ಅವಳಿಗೂ ಈಗ ಮಧ್ಯವಯಸ್ಸು ಆಗಿರಬೇಕು.

ಈ ನಡುವೆ ಆ ನೆಲದ ಮೇಲೆ ಓಡಾಡಿದ್ದು ಯಾರು ಗೊತ್ತೇ? ಚಾಲಕರಿಲ್ಲದ ಕಾರುಗಳು. ಒಳಗಿನ ಸುಮಾರು 20 ಮೈಲಿ ರಸ್ತೆಯನ್ನು ಗೋಮೆಂಟಮ್ ಸ್ಟೇಷನ್ ಎಂಬ ಹೆಸರಿನಲ್ಲಿ ಪ್ರಯೋಗಕ್ಕೆ ಬಿಟ್ಟಿದ್ದರು. ನಮ್ಮ ಸಾಫ್ಟ್‌ವೇರ್ ಮಂದಿಗೆ ಇದು ಹೆಮ್ಮೆಯ ಸಂಗತಿ ಇದ್ದೀತು. ಮನೆಯಿಲ್ಲದ ಬೀದಿಯಲ್ಲಿ ಮನುಷ್ಯನಿಲ್ಲದ ಕಾರು ಯಾರೂ ದಾಟದ ಕಡೆ ದಾಟುವವರಿಗಾಗಿ ನಿಂತು ಮುಂದೆ ಹೋಗುವುದನ್ನು ನೆನೆದರೆ ನನಗೆ ನಗುವೂ ಬರುತ್ತದೆ, ಸಂಕಟವೂ ಆಗುತ್ತದೆ. ಇನ್ನೊಂದು ಸಂಗತಿ ನಗುವಂಥದ್ದಲ್ಲ. 2018ರ ಜೂನ್‌ನಲ್ಲಿ ನೌಕಾಪಡೆಯ ಒಂದು ಟಿಪ್ಪಣಿ ಬಯಲಾಯಿತು: ಇದೇ ಜಾಗದಲ್ಲಿ 47,000 ವಲಸಿಗರನ್ನು ಕೂಡಿಹಾಕುವ ಶಿಬಿರ ಮಾಡಬಹುದು ಎಂದು. ಕಾಂಕರ್ಡಿನ ಒಟ್ಟು ಜನಸಂಖ್ಯೆಯೇ ಒಂದೂಕಾಲು ಲಕ್ಷ. ಊರಿಗೆ ಊರೇ ವಿರೋಧಿಸಿತು, ಅದು ನಿಂತಿತು. ವೀಸಾದ ಮೇಲೆ ಬಂದವರು ನಾವು. ಆ ಸುದ್ದಿ ಓದಿದ ರಾತ್ರಿ ನಿದ್ದೆ ಬರದವರು ನಮ್ಮಲ್ಲೂ ಇದ್ದರು. ಖಾಲಿ ನೆಲ ಎಂದೂ ಖಾಲಿ ಇರುವುದಿಲ್ಲ, ಯಾರದೋ ಕಣ್ಣು ಅದರ ಮೇಲೆ ಬಿದ್ದೇ ಇರುತ್ತದೆ.

ಈಗ ನನ್ನ ಅಹವಾಲು. ಒಪ್ಪಂದದಲ್ಲಿ ಯಾವ ಕಂಪನಿಯ ಹೆಸರಿದ್ದರೂ ಸರಿ, ಇಡೀ ಜಮೀನನ್ನು ಒಂದೇ ಕೈಗೆ ಕೊಡಬೇಡಿ. ನಿಲ್ದಾಣದ ಪಕ್ಕದಿಂದ ಶುರು ಮಾಡಿ, ತುಂಡು ತುಂಡಾಗಿ ಬಿಡಿ. ಒಂದು ತುಂಡಿನಲ್ಲಿ ಮಾತು ಕೊಟ್ಟಷ್ಟು ಕಟ್ಟಿದ ಮೇಲೆ ಇನ್ನೊಂದು ತುಂಡು. ಕಟ್ಟದಿದ್ದರೆ ನೆಲ ವಾಪಸ್ಸು.

ಇದು ನನ್ನ ತಲೆಯಿಂದ ಹುಟ್ಟಿದ ಉಪಾಯವಲ್ಲ. ನಾನು ಬೆಳೆದ ಊರಿನ ಬಡಾವಣೆ ಪದ್ಧತಿ. ಬೆಂಗಳೂರಿನಲ್ಲಿ ಸರ್ಕಾರಿ ಬಡಾವಣೆ ಎಂದರೆ ಮೊದಲು ರಸ್ತೆ, ಚರಂಡಿ, ಪಾರ್ಕಿಗೆ ಜಾಗ, ಶಾಲೆ-ಆಸ್ಪತ್ರೆಗೆಂದು ಸಿಎ ಸೈಟು. ಅದನ್ನು ಸರ್ಕಾರವೇ ಮಾಡಬೇಕು. ಆಮೇಲೆ ಮೂವತ್ತು-ನಲವತ್ತರ ಸೈಟುಗಳನ್ನು ಹಂಚುವುದು. ಬೆಲೆ ಬಾಳುವ ಮೂಲೆ ಸೈಟುಗಳನ್ನು ಹರಾಜು ಹಾಕಿ, ಬಂದ ದುಡ್ಡನ್ನು ರಸ್ತೆಗೆ ಸುರಿಯುವುದು. ಸೈಟು ಪಡೆದವರಿಗೆ ಲೀಸ್ ಕಮ್ ಸೇಲ್ ಪತ್ರ. ಗಡುವಿನೊಳಗೆ ಮನೆ ಕಟ್ಟಬೇಕು ಎಂಬ ಷರತ್ತು. ಜಯನಗರ ಹಾಗೆ ಹುಟ್ಟಿತು. ಒಂದು ಬೀದಿಯಲ್ಲಿ ಮೇಷ್ಟ್ರ ಹೆಂಚಿನ ಮನೆ, ಪಕ್ಕದಲ್ಲಿ ಡಾಕ್ಟರ ಎರಡಂತಸ್ತು, ಮೂಲೆಯಲ್ಲಿ ಕೆಳಗೆ ದಿನಸಿ ಅಂಗಡಿ, ಮೇಲೆ ಅಂಗಡಿಯವರ ಸಂಸಾರ. ಇಲ್ಲಿಯ ಯೋಜನಾ ತಜ್ಞರು ದೊಡ್ಡ ಹೆಸರಿಟ್ಟು ಕರೆಯುವ ಮಿಶ್ರ ಬಳಕೆ ನಮ್ಮ ಶೆಟ್ಟರ ಅಂಗಡಿಗೆ ಗೊತ್ತಿತ್ತು.

ಪದ್ಧತಿಯ ಹುಳುಕೂ ಗೊತ್ತು, ಮುಚ್ಚಿಡುವುದಿಲ್ಲ. ನಮ್ಮಪ್ಪ ಒಂದು ಬಡಾವಣೆಯಲ್ಲಿ ಸೈಟಿಗೆ ಅರ್ಜಿ ಹಾಕಿ ಹನ್ನೊಂದು ವರ್ಷ ಕಾದರು. ಸಿಕ್ಕ ಮೇಲೆ ನೀರಿನ ಪೈಪಿಗೆ ಇನ್ನೂ ನಾಲ್ಕು ವರ್ಷ. ಯಾವ ಬಡಾವಣೆ ಅಂತ ಹೇಳುವುದಿಲ್ಲ, ಓದುವವರೆಲ್ಲ ತಮ್ಮದೇ ಅಂದುಕೊಳ್ಳುತ್ತಾರೆ. ಆದರೂ ಅಲ್ಲಿ ಒಂದು ಗುಣವಿತ್ತು: ಒಬ್ಬ ಮನೆ ಕಟ್ಟದಿದ್ದರೆ ಅವನ ಸೈಟಿನಲ್ಲಿ ಮಾತ್ರ ಪಾರ್ಥೇನಿಯಂ ಬೆಳೆಯುತ್ತಿತ್ತು, ಇಡೀ ಬಡಾವಣೆ ಪಾಳು ಬೀಳುತ್ತಿರಲಿಲ್ಲ. ಕಾಂಕರ್ಡಿನಲ್ಲಿ ಒಂದು ಮಾತುಕತೆ ಮುರಿದರೆ 5,000 ಎಕರೆಯೂ ನಿಂತುಹೋಗುತ್ತದೆ.

ಇಲ್ಲೇ ಪಕ್ಕದ ಉದಾಹರಣೆ ಬೇಕೆಂದರೆ ಅಲಮೀಡಾ ನೋಡಿ. ಅಲ್ಲಿಯ ನೌಕಾ ವಿಮಾನ ನೆಲೆ 1997ರಲ್ಲಿ ಮುಚ್ಚಿತು. ಇಡೀ ನೆಲೆಯನ್ನು ಒಂದೇ ಕಂಪನಿಗೆ ಒಪ್ಪಿಸುವ ಪ್ರಸ್ತಾವ 2010ರಲ್ಲಿ ಮತಕ್ಕೆ ಬಂದಾಗ ಜನ ಸುಮಾರು ಶೇ. 85ರಷ್ಟು ಮತ ಹಾಕಿ ತಳ್ಳಿಹಾಕಿದರು. ಆಮೇಲೆ ನಗರಸಭೆ ನೆಲವನ್ನು ತುಂಡು ಮಾಡಿತು. 68 ಎಕರೆಯ ಒಂದು ತುಂಡಿಗೆ 800 ಮನೆ, ಅದರಲ್ಲಿ ಕಾಲುಭಾಗ ಕೈಗೆಟಕುವ ಬೆಲೆಯವು. ಹಳೆಯ ವಿಮಾನದ ಶೆಡ್ಡುಗಳನ್ನು ಕೆಡವದೆ ಬಾಡಿಗೆಗೆ ಕೊಟ್ಟರು, ಅವುಗಳಲ್ಲಿ ಇಂದು ಬಟ್ಟಿ ಮನೆಗಳಿವೆ, ಕಾರ್ಖಾನೆಗಳಿವೆ. 2021ರಿಂದ ಫೆರಿ ಓಡುತ್ತಿದೆ. ಅಲ್ಲೂ ಎಲ್ಲ ಮುಗಿದಿಲ್ಲ, ಕೊರತೆ ಬೇಕಾದಷ್ಟಿದೆ. ಆದರೆ ಶನಿವಾರ ಸಂಜೆ ಹೋಗಿ ನೋಡಿ, ಮಕ್ಕಳು ಸ್ಕೂಟರ್ ಓಡಿಸುತ್ತಿರುತ್ತಾರೆ. ನಮ್ಮಲ್ಲಿ ಇನ್ನೂ ದನ.

ನಿಮ್ಮ ಕಷ್ಟವೂ ನನಗೆ ಗೊತ್ತಿಲ್ಲದ್ದೇನಲ್ಲ. ರಸ್ತೆ, ನೀರು, ಒಳಚರಂಡಿಗೆ ಮೊದಲೇ ದುಡ್ಡು ಬೇಕು, ನಗರಸಭೆಯ ಹತ್ತಿರ ಅಷ್ಟಿಲ್ಲ. ಅದಕ್ಕೇ ದೊಡ್ಡ ಕಂಪನಿ ಬೇಕಾಗುತ್ತದೆ. ದುಡ್ಡು ಹಾಕಿದವನು ಬಡ್ಡಿ ಎಣಿಸುತ್ತಾನೆ, ಬಡ್ಡಿ ಏರಿದಾಗ ಮೊದಲು ಕತ್ತರಿ ಬೀಳುವುದು ಕೈಗೆಟಕುವ ಮನೆಗಳ ಆ ಕಾಲುಭಾಗಕ್ಕೆ. ವಿಧಿಯ ಆಟ ನೋಡಿ: ನೀವು ಯೋಜನೆ ಒಪ್ಪಿದ್ದು 2012ರ ಜನವರಿಯಲ್ಲಿ, ಇಂಥ ಕೆಲಸಕ್ಕೆ ಹಣ ಹೊಂದಿಸುತ್ತಿದ್ದ ನಗರ ಪುನರಭಿವೃದ್ಧಿ ಏಜೆನ್ಸಿಗಳನ್ನು ಕ್ಯಾಲಿಫೋರ್ನಿಯಾ ಮುಚ್ಚಿದ್ದು ಅದೇ ವರ್ಷ ಫೆಬ್ರವರಿ 1ಕ್ಕೆ. ಮದುವೆ ನಿಶ್ಚಯವಾದ ತಿಂಗಳೇ ಮಾವನ ಅಂಗಡಿ ದಿವಾಳಿಯಾದ ಹಾಗೆ. ಆದರೆ ಆಮೇಲೆ ಬೇರೆ ಕಾನೂನು ಬಂದಿದೆ. ಆಸ್ತಿ ತೆರಿಗೆಯಲ್ಲಿ ಮುಂದೆ ಆಗುವ ಏರಿಕೆಯನ್ನು ನಂಬಿ ಇಂದು ಸಾಲ ಎತ್ತಲು ದಾರಿಯಿದೆ. ಸಣ್ಣ ತುಂಡಿಗೆ ಸಣ್ಣ ಸಾಲ ಸಾಕು. ನಿಲ್ದಾಣದ ಸುತ್ತಲಿನ ನೂರಿನ್ನೂರು ಎಕರೆಗೆ ಹೈವೇ, ರೈಲು ಪಕ್ಕದಲ್ಲೇ ಇವೆ. ಬೇಯ್ಲಿ ರೋಡಿನ ಆಚೆಯ ಗುಡ್ಡಕ್ಕೆ ನೀರು ಹತ್ತಿಸುವ ಚಿಂತೆ ಆಮೇಲೆ.

ಮಣ್ಣಿನ ವಿಷಯಕ್ಕೆ ಮತ್ತೆ ಹಗೇವು. ಹಗೇವು ತೆಗೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ ಎಂದು ಅಮ್ಮ ಹೇಳುತ್ತಾಳೆ. ಚಪ್ಪಡಿ ಸರಿಸಿ, ಕೆಟ್ಟ ಗಾಳಿ ಹೋಗಲು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಇನ್ನೂ ಕಾಯಬೇಕು. ಅವಸರ ಮಾಡಿ ಇಳಿದವರು ಮೇಲೆ ಬರಲಿಲ್ಲ. ಈ ನೆಲೆಯನ್ನು 1994ರಲ್ಲೇ ಸೂಪರ್‌ಫಂಡ್ ಪಟ್ಟಿಗೆ ಸೇರಿಸಿದ್ದಾರೆ, ಅಂದರೆ ದೇಶದ ಅತ್ಯಂತ ಮಲಿನ ಜಾಗಗಳ ಪಟ್ಟಿಗೆ. ಶುದ್ಧೀಕರಣ ನೌಕಾಪಡೆಯ ಹೊಣೆ, ಅದು ಮುಗಿದಂತೆಲ್ಲ ತುಂಡು ತುಂಡಾಗಿಯೇ ಹಸ್ತಾಂತರವಾಗಬೇಕು. ಸ್ಯಾನ್ ಫ್ರಾನ್ಸಿಸ್ಕೋದ ಹಂಟರ್ಸ್ ಪಾಯಿಂಟ್ ಹಡಗುಕಟ್ಟೆಯಲ್ಲಿ ಏನಾಯಿತು ಎಂದು ಎಲ್ಲರಿಗೂ ಗೊತ್ತು: ಕೊಳಕು ಮಣ್ಣಿನ ಬದಲು ಒಳ್ಳೆಯ ಮಣ್ಣನ್ನು ಮಾದರಿಯೆಂದು ಕಳಿಸಿದ ಇಬ್ಬರು ಮೇಲ್ವಿಚಾರಕರು 2018ರಲ್ಲಿ ಜೈಲಿಗೆ ಹೋದರು. ಅಲ್ಲಿ ಮನೆ ಕೊಂಡವರು ಇಂದಿಗೂ ಅಂಗಳದಲ್ಲಿ ಕೊತ್ತಂಬರಿ ಹಾಕಲು ಯೋಚಿಸುತ್ತಾರೆ. ಆದ್ದರಿಂದ ಕಾಂಕರ್ಡಿನಲ್ಲಿ ಮಣ್ಣಿನ ಮಾದರಿಯನ್ನು ನಗರಸಭೆ ತನ್ನ ಖರ್ಚಿನಲ್ಲಿ, ತಾನು ಆರಿಸಿದ ಲ್ಯಾಬಿನಲ್ಲಿ ಇನ್ನೊಮ್ಮೆ ನೋಡಿಸಲಿ. ದೀಪ ಬಿಡುವವನೂ ರಾಗಿ ಮಾರುವವನೂ ಒಬ್ಬನೇ ಆಗಬಾರದು.

ಇನ್ನು ನಮ್ಮವರಿಗೆ ನಾಲ್ಕು ಮಾತು. ಸ್ವಲ್ಪ ಖಾರ ಇರುತ್ತದೆ, ಕ್ಷಮಿಸಿ.

ಕಳೆದ ವರ್ಷ ಒಂದು ವಾಟ್ಸ್ಆ್ಯಪ್ ಗುಂಪಿನಲ್ಲಿ ಈ ಯೋಜನೆಯ ಸುದ್ದಿ ಹಾಕಿದೆ. ಮೊದಲ ಪ್ರತಿಕ್ರಿಯೆ: "ಅಫರ್ಡಬಲ್ ಹೌಸಿಂಗ್ ಅಂದ್ರೆ ಗೊತ್ತಲ್ಲ ಸಾರ್, ಯಾರ್ಯಾರೋ ಬರ್ತಾರೆ." ಎರಡನೆಯದು: "ನಮ್ಮ ಮನೆ ವ್ಯಾಲ್ಯೂ ಬಿದ್ದುಹೋಗುತ್ತೆ." ಮೂರನೆಯದು ಒಂದು ಗುಡ್ ಮಾರ್ನಿಂಗ್ ಗುಲಾಬಿ.

ಯಾರ್ಯಾರು ಬರುತ್ತಾರೆ? ನಮ್ಮ ಮಗಳು ಹುಟ್ಟಿದಾಗ ಮಗು ನೋಡಿಕೊಳ್ಳಲು ಬರುತ್ತಿದ್ದಾಕೆ ಆ್ಯಂಟಿಯಾಕ್‌ನಿಂದ ಬರುತ್ತಿದ್ದರು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು, ತಮ್ಮ ಮಕ್ಕಳಿಗೆ ಡಬ್ಬಿ ಕಟ್ಟಿ, ಹೈವೇ 4ರಲ್ಲಿ ಸಾಲು ನಿಂತು ಏಳಕ್ಕೆ ನಮ್ಮ ಬಾಗಿಲಲ್ಲಿ. ನಮ್ಮ ಮಗುವಿಗೆ ಜ್ವರ ಬಂದರೆ ಆಕೆ ರಾತ್ರಿ ಉಳಿಯುತ್ತಿದ್ದರು, ಅವರ ಮಗುವಿಗೆ ಜ್ವರ ಬಂದ ದಿನ ನಾವು ಕ್ಯಾಲೆಂಡರ್ ನೋಡುತ್ತಿದ್ದೆವು. ಆಕೆ ಬರುತ್ತಾರೆ. ನಮ್ಮ ಶಾಲೆಯ ಆಯಾ, ಆಸ್ಪತ್ರೆಯಲ್ಲಿ ರಕ್ತ ತೆಗೆಯುವ ಹುಡುಗ, ಇಂಡಿಯನ್ ಸ್ಟೋರಿನಲ್ಲಿ ಕರಿಬೇವು ತೂಗುವ ನಮ್ಮದೇ ಊರಿನ ಹಿರಿಯರು ಬರುತ್ತಾರೆ. ಕೆಲಸ ಹೋಗಿ, ವೀಸಾದ ಅರವತ್ತು ದಿನದ ಗಡುವು ಎಣಿಸುತ್ತಾ, ಎರಡು ಸಂಬಳ ಒಂದಾದ ನಮ್ಮವರೂ ಬರಬಹುದು. ಇಲ್ಲಿಗೆ ಬಂದ ಹೊಸದರಲ್ಲಿ ಎರಡು ಬೆಡ್‌ರೂಮಿನ ಮನೆಯಲ್ಲಿ ಐದು ಜನ ಹುಡುಗರು ಇದ್ದೆವು, ಸರದಿಯ ಮೇಲೆ ಅನ್ನ-ಸಾರು. ಆಗ ನಮ್ಮನ್ನು ನೋಡಿ ಪಕ್ಕದ ಮನೆಯವರು ಏನಂದುಕೊಂಡಿದ್ದರು ಎಂದು ನನಗೆ ಚೆನ್ನಾಗಿ ನೆನಪಿದೆ. ಬೆಂಗಳೂರಿನ ನಮ್ಮ ಮನೆಗಳಿಗೆ 'ಸಸ್ಯಾಹಾರಿಗಳಿಗೆ ಮಾತ್ರ' ಬೋರ್ಡು ಹಾಕುವ ನಾವು ಇಲ್ಲಿ ಬಂದು ಆ ಬೋರ್ಡನ್ನೇ ಇಂಗ್ಲಿಷಿನಲ್ಲಿ, ನಯವಾಗಿ ಹಾಕುತ್ತಿದ್ದೇವೆ, ಅಷ್ಟೇ.

ಟ್ರಾಫಿಕ್ ಜಾಸ್ತಿಯಾಗುತ್ತದೆ ಎನ್ನುವವರ ಮಾತನ್ನು ಮಾತ್ರ ಒಪ್ಪುತ್ತೇನೆ. ಆಗುತ್ತದೆ. 28,000 ಜನ ಹೊಸದಾಗಿ ಬಂದು ಎಲ್ಲರೂ ಕಾರು ತೆಗೆದರೆ ಹೈವೇ 4 ನಿಂತ ನೀರಾಗುತ್ತದೆ. ಅದಕ್ಕೇ ನಿಲ್ದಾಣದಿಂದ ಶುರುವಾಗಲಿ ಎನ್ನುವುದು. ಗುಡ್ಡದ ಬುಡದ ಒಂಟಿ ಮನೆಗಳಿಂದ ಶುರು ಮಾಡಿದರೆ (ಮಾರುವುದು ಸುಲಭ ಎಂದು ಕಂಪನಿಗಳು ಅದನ್ನೇ ಬಯಸಬಹುದು) ನಿಲ್ದಾಣ ಖಾಲಿಯೇ ಉಳಿದು ರಸ್ತೆ ತುಂಬುತ್ತದೆ.

ನಾನು ಹುಟ್ಟಿ ಬೆಳೆದದ್ದು ಬೆಂಗಳೂರಿನ ದಂಡು ರೈಲು ನಿಲ್ದಾಣದ ಹತ್ತಿರ. ಹೊಸ ಹುಡುಗರಿಗೆ ಅದು ಕ್ಯಾಂಟ್, ನಮಗೆ ದಂಡು. 1809ರಲ್ಲಿ ಇಂಗ್ಲಿಷರು ಹಲಸೂರಿನ ಕಡೆ ಸೈನ್ಯ ಇಳಿಸಿದಾಗ ಹುಟ್ಟಿದ್ದು. ಅಲ್ಲಿಂದ ನೂರನಲವತ್ತು ವರ್ಷ ಬೆಂಗಳೂರು ಎರಡು ಊರು: ಆಕಡೆ ಪೇಟೆ, ಈಕಡೆ ದಂಡು, ನಡುವೆ ಕಬ್ಬನ್ ಪಾರ್ಕು. 1949ರಲ್ಲಿ ಒಂದೇ ಕಾರ್ಪೊರೇಷನ್ ಆದವು. ಕಾಗದದ ಮೇಲೆ. ನಮ್ಮ ತಾತ ಚಿಕ್ಕಪೇಟೆಯವರು. ನಮ್ಮಪ್ಪ ದಂಡಿನಲ್ಲಿ ಮನೆ ಮಾಡಿದಾಗ "ಪರದೇಶಕ್ಕೆ ಹೋದ" ಅಂದಿದ್ದರಂತೆ. ಸಿಪಾಯಿಗಳು ಎದ್ದುಹೋದ ಮೇಲೂ ಇನ್‌ಫೆಂಟ್ರಿ ರೋಡು, ಬ್ರಿಗೇಡ್ ರೋಡು ಎಂಬ ಹೆಸರುಗಳು ಉಳಿದವು, ನಾವು ಅವುಗಳ ಅರ್ಥ ಮರೆತು ಮಸಾಲೆ ದೋಸೆ ತಿಂದೆವು. ನನ್ನ ಹೆದರಿಕೆ ಇದೇ. ಕಾಂಕರ್ಡಿನ ಈ ಹೊಸ ಭಾಗ ಹಳೆಯ ಊರಿಗೆ ಬೆನ್ನು ತಿರುಗಿಸಿದ ಇನ್ನೊಂದು ದಂಡು ಆಗಬಾರದು. ವಿಲ್ಲೋ ಪಾಸ್ ರೋಡಿನಲ್ಲಿ, ಹಳೆಯ ಊರಿನ ನಡುವಿರುವ ಟೊಡೋಸ್ ಸ್ಯಾಂಟೋಸ್ ಚೌಕದಿಂದ ನೇರ ಬಸ್ಸು ಮೊದಲ ದಿನದಿಂದಲೇ ಇರಲಿ. ಬಡ ವಲಸಿಗ ಕುಟುಂಬಗಳು ಹೆಚ್ಚಿರುವ ಮಾನ್ಯುಮೆಂಟ್ ಬುಲೆವಾರ್ಡಿನ ಮಕ್ಕಳಿಗೂ ಹೊಸ ಶಾಲೆಯ ಗೇಟು ತೆರೆದಿರಲಿ.

ಪೋರ್ಟ್ ಶಿಕಾಗೋದ ಹುಡುಗರ ನೆನಪಿಗೆ ಗುಡ್ಡದ ಉದ್ಯಾನಕ್ಕೆ 2021ರಲ್ಲಿ ಥರ್ಗುಡ್ ಮಾರ್ಷಲ್ ಅವರ ಹೆಸರಿಟ್ಟು, ಕೆಳಗೆ 'ಪೋರ್ಟ್ ಶಿಕಾಗೋ 50'ರ ನೆಲೆ ಎಂದು ಸೇರಿಸಿದ್ದಾರೆ. ಸರಿಯಾದ ಕೆಲಸ. ಸ್ಫೋಟ ನಡೆದ ಕಟ್ಟೆಯಲ್ಲಿರುವ ರಾಷ್ಟ್ರೀಯ ಸ್ಮಾರಕ ಸೇನೆಯ ಬೇಲಿಯೊಳಗಿದೆ, ಮುಂಚೆಯೇ ಹೆಸರು ಕೊಟ್ಟು, ಅವರದೇ ವಾಹನದಲ್ಲಿ ಹೋಗಬೇಕು. ನಾನು ಕೇಳುವುದು ಇನ್ನೂ ಚಿಕ್ಕದು. ನಿಲ್ದಾಣದ ಎದುರು ಮೊದಲು ಏಳುವ ಕಟ್ಟಡದ ನೆಲಮಹಡಿಯಲ್ಲಿ, ಕಾಫಿ ಅಂಗಡಿಯ ಪಕ್ಕ, ಒಂದು ಕೋಣೆ. ಬೀಗವಿಲ್ಲದ್ದು. ಒಳಗೆ 320 ಹೆಸರು, 258 ಹೆಸರು. ರೈಲು ತಪ್ಪಿಸಿಕೊಂಡವರು ಹೋಗಿ ಕೂರುವಂಥದ್ದು. ಮತ್ತೆ ದಯವಿಟ್ಟು, ಕೆಲವು ಹಗೇವುಗಳನ್ನು ಕೆಡವದೆ ಬಿಡಿ. ಒಂದರಲ್ಲಿ ತರಕಾರಿ ಸಂತೆ ಕೂರಿಸಿ. ದಪ್ಪ ಕಾಂಕ್ರೀಟು, ಮೇಲೆ ಮಣ್ಣು. ಈ ಕಡೆಯ ಆಗಸ್ಟ್ ಬಿಸಿಲಿಗೆ ಅಷ್ಟು ತಂಪಾದ ಜಾಗ ಬೇರೆ ಸಿಗಲಿಕ್ಕಿಲ್ಲ.

ಮುಂದಿನ ಸಭೆಗೆ ನಾನು ಹೋಗುತ್ತೇನೆ. ಸಂಜೆ ಆರಕ್ಕೆ ನಾರ್ತ್ ಕಾಂಕರ್ಡ್ ನಿಲ್ದಾಣದ ಪಾರ್ಕಿಂಗಿನಲ್ಲಿ ಇರುತ್ತೇನೆ. ಗುರುತಿಸುವುದು ಕಷ್ಟವಿಲ್ಲ, ಅಲ್ಲಿ ಬೇರೆ ಕಾರುಗಳು ಇರುವುದಿಲ್ಲ. ಮೂರು ಸೀಟು ಖಾಲಿ ಇದೆ. ಒಬ್ಬೊಬ್ಬರಿಗೆ ಮೂರು ನಿಮಿಷದಂತೆ ನಾಲ್ವರಿಗೆ ಹನ್ನೆರಡು ನಿಮಿಷ, ಅಷ್ಟರಲ್ಲಿ 1944 ದಾಟಬಹುದು.

ನಿನ್ನೆ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ಮಂಗಳವಾರ ಹೊಸ ಕೆಲಸ ಶುರು ಮಾಡಬೇಡ ಕಣೋ" ಅಂದಳು. ಹೊಸದಲ್ಲಮ್ಮ, 2005ರದ್ದು ಅಂದೆ.

ಇಂತಿ ನಿಮ್ಮ ವಿಶ್ವಾಸಿ,
ಕಾಂಕರ್ಡಿನ ಒಬ್ಬ ಬಾಡಿಗೆದಾರ